ಭೇಟಿಯ ವೀಸಾ ದುಡಿಮೆಯ ಏಣಿಯಲ್ಲ

ಕೊಲ್ಲಿ ರಾಷ್ಟ್ರಗಳ ದುಡಿಮೆ ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳ ಬದುಕನ್ನು ಹೇಗೆ ಮಾರ್ಪಡಿಸಿತೆಂಬುದನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾಗಿಲ್ಲ. 1970ರ ದಶಕದ ತೈಲ ಸಮೃದ್ಧಿಯಿಂದ ಮೊದಲ್ಗೊಂಡು ಇಂದಿನವರೆಗೆ ಹೆಂಚಿನ ಮನೆಗಳು ತಾರಸಿ ಮನೆಗಳಾದುದರ ಹಿಂದೆ, ತಮ್ಮಂದಿರ ಓದು ಮತ್ತು ತಂಗಿಯಂದಿರ ಮದುವೆಯ ಹಿಂದೆ, ಅಡವಿನಲ್ಲಿದ್ದ ತೋಟ ಮರಳಿ ಕೈಸೇರಿದುದರ ಹಿಂದೆ ಕುವೈತ್, ದುಬಾಯಿ, ದೋಹಾ, ಮಸ್ಕತ್‌ಗಳಲ್ಲಿ ಹರಿದ ಬೆವರಿದೆ. ಈ ಯಶಸ್ಸಿನ ಕಥೆಯನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಅದು ತಪ್ಪೂ ಅಲ್ಲ.

ಆದರೆ ಇದೇ ಕಥೆಗೆ ಇನ್ನೊಂದು ಪುಟವಿದೆ. ಅದನ್ನು ಓದಲು ನಾವಾರೂ ಒಪ್ಪುವುದಿಲ್ಲ. ತಂದೆಯ ಅಂತ್ಯಕ್ರಿಯೆಗೆ ಬರಲಾಗದ ಮಗ, ತಂಗಿಯ ಮದುವೆಯನ್ನು ಫೋನಿನ ಪರದೆಯಲ್ಲಿ ನೋಡಿದ ಅಣ್ಣ, ವರ್ಷಗಟ್ಟಲೆ ಊರಿನ ಮುಖ ಕಾಣದ ಗಂಡ. ಇಂಥವರ ಬಗ್ಗೆ ಯಾರಾದರೂ ಕೇಳಿದರೆ ಮನೆಯವರು ‘ರಜೆ ಸಿಕ್ಕಿಲ್ಲ’ ಎಂದು ಮಾತು ಮುಗಿಸುವುದುಂಟು. ಎಷ್ಟೋ ಸಂದರ್ಭಗಳಲ್ಲಿ ನಿಜವಾದ ಕಾರಣ ರಜೆಯಲ್ಲ. ಆತನ ವೀಸಾದ ಅವಧಿ ಮುಗಿದಿದೆ. ಮುಗಿದ ಮೇಲಿನ ಪ್ರತಿಯೊಂದು ದಿನಕ್ಕೂ ದಂಡ ಬೆಳೆಯುತ್ತಿದೆ. ಆ ದಂಡವನ್ನು ತೀರಿಸದೆ ಆತ ವಿಮಾನ ಏರುವಂತಿಲ್ಲ. ತೀರಿಸಲು ಕೈಯಲ್ಲಿ ಹಣವಿಲ್ಲ. ಹಣ ಗಳಿಸಲು ಕಾನೂನಿನ ಪ್ರಕಾರ ದುಡಿಯುವ ಹಕ್ಕಿಲ್ಲ.

ಈ ವಾರ ನಾವು ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಅವಧಿ ಮೀರಿದ ವಾಸವನ್ನು ಆ ಒಬ್ಬ ವ್ಯಕ್ತಿಯ ಬೇಜವಾಬ್ದಾರಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗಲ್ಲ ಎಂಬುದು ನಮ್ಮ ಅಭಿಪ್ರಾಯ. ಆತನನ್ನು ಕಳುಹಿಸುವ ತೀರ್ಮಾನ ಮನೆಯಲ್ಲೇ ಆಗುತ್ತದೆ, ಸಾಲವೂ ಮನೆಯಲ್ಲೇ ಹುಟ್ಟುತ್ತದೆ, ಸಂಕಟ ಬಂದಾಗ ಅದನ್ನು ಮುಚ್ಚಿಡುವ ಮೌನವೂ ಮನೆಯದೇ. ಆದುದರಿಂದ ಪರಿಹಾರವೂ ಮನೆಯಿಂದಲೇ ಆರಂಭವಾಗಬೇಕು.

ಮೊದಲು ನಿಯಮವನ್ನು ಅರಿತುಕೊಳ್ಳೋಣ. ವೀಸಾ ಎಂಬುದರಲ್ಲಿ ಎರಡು ಬಗೆಯ ಅವಧಿಗಳಿರುತ್ತವೆ. ಒಂದು, ಎಷ್ಟು ದಿನಗಳೊಳಗೆ ಆ ದೇಶವನ್ನು ಪ್ರವೇಶಿಸಬೇಕೆಂಬುದು. ಇನ್ನೊಂದು, ಪ್ರವೇಶಿಸಿದ ಮೇಲೆ ಎಷ್ಟು ದಿನ ಇರಬಹುದೆಂಬುದು. ಇವೆರಡನ್ನೂ ಒಂದೇ ಎಂದು ಭಾವಿಸಿ ಮೋಸಹೋಗುವವರು ಬಹಳ. ಯು.ಎ.ಇ.ಯ ವಿಸಿಟ್ ವೀಸಾ ಸಾಮಾನ್ಯವಾಗಿ 30 ಅಥವಾ 60 ದಿನಗಳ ವಾಸಕ್ಕೆ ಸಿಗುತ್ತದೆ. ಆ ಲೆಕ್ಕ ಹಿಡಿಯಬೇಕಾದುದು ಆ ನೆಲದಲ್ಲಿ ಕಾಲಿಟ್ಟ ದಿನದಿಂದ. ಕಾಗದದ ಮೇಲೆ ಮುದ್ರಿತವಾದ ಇನ್ನಾವುದೋ ದಿನಾಂಕವನ್ನು ನೋಡಿ ‘ಇನ್ನೂ ಸಮಯವಿದೆ’ ಎಂದು ನೆಮ್ಮದಿಯಿಂದಿರುವುದು ಅಪಾಯಕಾರಿ.

ಅವಧಿ ಮುಗಿದ ಮೇಲೆ ಏನಾಗುತ್ತದೆ? ಯು.ಎ.ಇ.ಯಲ್ಲಿ ಹಿಂದೆ ವಿಸಿಟ್ ವೀಸಾದವರಿಗೆ ದಿನಕ್ಕೆ 100 ದಿರಾಮ್, ವಾಸದ ವೀಸಾದವರಿಗೆ ಆರಂಭದಲ್ಲಿ ದಿನಕ್ಕೆ 25 ದಿರಾಮ್ ದಂಡವಿತ್ತು. 2022ರಲ್ಲಿ ಇದನ್ನು ಏಕರೂಪಗೊಳಿಸಿ ಎಲ್ಲರಿಗೂ ದಿನಕ್ಕೆ 50 ದಿರಾಮ್ ಎಂದು ಗೊತ್ತುಪಡಿಸಲಾಯಿತು. ದುಬಾಯಿಯ ವಿಸಿಟ್ ವೀಸಾಗಳಿಗೆ ಮೊದಲು ದೊರೆಯುತ್ತಿದ್ದ 10 ದಿನಗಳ ರಿಯಾಯಿತಿಯನ್ನು 2023ರಲ್ಲಿ ತೆಗೆದುಹಾಕಲಾಯಿತು. 50 ದಿರಾಮ್ ಎಂದರೆ ಕೇಳಲು ದೊಡ್ಡ ಮೊತ್ತವಲ್ಲ. ಆದರೆ ದಿರಾಮಿಗೆ 24 ರೂಪಾಯಿಯಂತೆ ಲೆಕ್ಕ ಹಿಡಿದರೆ ಅದು ದಿನಕ್ಕೆ 1,200 ರೂಪಾಯಿ. ನೂರು ದಿನಕ್ಕೆ 1,20,000 ರೂಪಾಯಿ. ಒಂದು ವರ್ಷಕ್ಕೆ 18,250 ದಿರಾಮ್, ಅಂದರೆ 4,38,000 ರೂಪಾಯಿ. ಹನಿಗೂಡಿ ಹಳ್ಳವಾಗುವುದೆಂಬ ಮಾತು ಉಳಿತಾಯಕ್ಕೆ ಮಾತ್ರವಲ್ಲ, ಸಾಲಕ್ಕೂ ಸಲ್ಲುತ್ತದೆ.

ಉಳಿದ ದೇಶಗಳು ಇದಕ್ಕಿಂತ ಮೃದುವಾಗಿವೆಯೆಂದು ಯಾರೂ ತಿಳಿಯಬಾರದು. ಒಮಾನಿನಲ್ಲಿ ಭೇಟಿಯ ಅವಧಿ ಮೀರಿದವರಿಗೆ ದಿನಕ್ಕೆ 10 ರಿಯಾಲ್, ಕತಾರಿನಲ್ಲಿ ದಿನಕ್ಕೆ 200 ರಿಯಾಲ್ ದಂಡದ ನಿಯಮವಿದೆ. ಕುವೈತ್‌ನಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ವಾಸ ಕಾನೂನು, ಭೇಟಿಗೆಂದು ಬಂದು ಉಳಿದವರಿಗೆ ದಿನಕ್ಕೆ 10 ದಿನಾರ್‌ನಂತೆ, ಗರಿಷ್ಠ 2,000 ದಿನಾರ್ ವರೆಗೆ ದಂಡ ವಿಧಿಸಿತು. ಒಂದು ದಿನದ ದಂಡವೇ ನಮ್ಮ ಎರಡೂವರೆ ಸಾವಿರ ರೂಪಾಯಿಗೂ ಮಿಕ್ಕಿದ್ದು. ನಮ್ಮೂರಿನಲ್ಲಿ ದಿನಗೂಲಿಯವನು ಎರಡು ಮೂರು ದಿನ ದುಡಿದರೂ ಅಷ್ಟು ಗಳಿಸುವುದು ಕಷ್ಟ.

ಇಷ್ಟೆಲ್ಲ ತಿಳಿದಿದ್ದೂ ವಿವೇಕಿಗಳಾದ ಯುವಕರು ಈ ಬಲೆಗೆ ಬೀಳುವುದೇಕೆ? ಇದಕ್ಕೆ ಉತ್ತರ ನಮ್ಮ ಪೇಟೆಗಳಲ್ಲೇ ದೊರೆಯುತ್ತದೆ. ಕೆಲಸದ ವೀಸಾಕ್ಕೆ ಉದ್ಯೋಗದಾತ ಬೇಕು, ಒಪ್ಪಂದ ಬೇಕು, ವೈದ್ಯಕೀಯ ತಪಾಸಣೆ ಬೇಕು, ಕಾಯಬೇಕು. ವಿಸಿಟ್ ವೀಸಾಕ್ಕಾದರೋ ಹಣ ಕಟ್ಟಿದರೆ ಕೆಲವೇ ದಿನಗಳಲ್ಲಿ ಕಾಗದ ಕೈಗೆ ಬರುತ್ತದೆ. ‘ಮೊದಲು ಹೋಗಿ ಸೇರಿಕೊಳ್ಳಲಿ, ಅಲ್ಲಿ ಕೆಲಸ ಹುಡುಕಿ ವೀಸಾ ಬದಲಾಯಿಸಿಕೊಳ್ಳಬಹುದು’ ಎಂಬ ಏಜೆಂಟನ ಮಾತು ಮನೆಯವರಿಗೆ ಹಿತವಾಗಿ ಕೇಳಿಸುತ್ತದೆ. ಸಹಕಾರಿ ಸಂಘದಲ್ಲಿ ತಾಯಿಯ ಬಂಗಾರ ಅಡವು ಬೀಳುತ್ತದೆ. ಮಗ ಬಜಪೆಯಿಂದ ವಿಮಾನ ಏರುತ್ತಾನೆ.

ಭೇಟಿಗೆ ಹೋದವನು ಕೆಲಸ ವಿಚಾರಿಸುವುದೇ ಅಪರಾಧವೆಂದು ನಾವು ಹೇಳುತ್ತಿಲ್ಲ. ಹಾಗೆ ಹೋಗಿ ಉದ್ಯೋಗ ಪಡೆದು, ಕ್ರಮಬದ್ಧವಾಗಿ ವೀಸಾ ಬದಲಾಯಿಸಿಕೊಂಡು ನೆಲೆನಿಂತವರು ನಮ್ಮಲ್ಲಿ ಅನೇಕರಿದ್ದಾರೆ. ಅಪರಾಧವಾಗುವುದು ಪರವಾನಗಿಯಿಲ್ಲದೆ ದುಡಿಯುವುದು. ‘ನಾಳೆಯಿಂದ ಬಾ, ವೀಸಾ ಆಮೇಲೆ ಮಾಡಿಸೋಣ’ ಎನ್ನುವ ಮಾಲೀಕನೊಬ್ಬ ಸಿಕ್ಕಿದನೆಂದರೆ ಅಲ್ಲಿಂದಲೇ ಇಳಿಜಾರು ಆರಂಭವಾಯಿತೆನ್ನಬೇಕು. ಎರಡು ತಿಂಗಳು ದುಡಿಸಿಕೊಂಡು, ಸಂಬಳ ಕೇಳಿದಾಗ ‘ನಿನಗೆ ವೀಸಾ ಎಲ್ಲಿದೆ?’ ಎಂದು ಮರುಪ್ರಶ್ನೆ ಹಾಕುವವರಿದ್ದಾರೆ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ತಾನೇ ಕಾನೂನು ಮೀರಿದವನಾದುದರಿಂದ ದೂರು ಕೊಡಲು ಧೈರ್ಯ ಸಾಲದು. ಯು.ಎ.ಇ. ಸರಕಾರ 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಪರವಾನಗಿಯಿಲ್ಲದೆ ಜನರನ್ನು ದುಡಿಸಿಕೊಳ್ಳುವ ಮಾಲೀಕರಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರಾಮ್ ವರೆಗೆ ದಂಡ ವಿಧಿಸಲು ಮುಂದಾದುದು ಈ ಪಿಡುಗು ಎಷ್ಟು ಆಳವಾಗಿದೆಯೆಂಬುದಕ್ಕೆ ಸಾಕ್ಷಿ. ತಪ್ಪಿನ ದೊಡ್ಡ ಪಾಲು ಯಾರದೆಂಬುದನ್ನೂ ಅದು ತೋರಿಸಿಕೊಟ್ಟಿದೆ.

ನಮ್ಮ ದೇಶದ ಕಾನೂನು ಕಟ್ಟಿದ ರಕ್ಷಣೆಯ ಬೇಲಿಯನ್ನು ವಿಸಿಟ್ ವೀಸಾ ಹೇಗೆ ದಾಟಿಹೋಗುತ್ತದೆಂಬುದನ್ನೂ ಗಮನಿಸಬೇಕು. 1983ರ ವಲಸೆ ಕಾಯಿದೆಯು ರೂಪಿಸಿದ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ಮುಗಿಸದವರು ಕೊಲ್ಲಿಯ ಆರು ರಾಷ್ಟ್ರಗಳಂಥ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಆ ಅನುಮತಿಯ ಜೊತೆಯಲ್ಲಿ ಉದ್ಯೋಗದ ಒಪ್ಪಂದ ದಾಖಲಾಗುತ್ತದೆ. ಪ್ರವಾಸಿ ಭಾರತೀಯ ವಿಮಾ ಯೋಜನೆಯ ಮೂಲಕ 10 ಲಕ್ಷ ರೂಪಾಯಿಗಳ ವಿಮೆಯೂ ದೊರೆಯುತ್ತದೆ. ಅದರ ಕಂತು ಎರಡು ವರ್ಷಕ್ಕೆ 275 ರೂಪಾಯಿ ಎಂದು ನಿಗದಿಯಾಗಿತ್ತು. ಭೇಟಿಯ ಹೆಸರಿನಲ್ಲಿ ಹೋದವನಿಗೆ ಈ ಒಪ್ಪಂದವೂ ಇಲ್ಲ, ವಿಮೆಯೂ ಇಲ್ಲ. ಆತನಿಗೆ ಏನಾದರೂ ಆದರೆ ಹೊಣೆ ಹೊರುವ ಉದ್ಯೋಗದಾತನ ಹೆಸರೂ ಯಾವ ದಾಖಲೆಯಲ್ಲೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ರಕ್ಷಣೆ ಬೇಕಾದವನೇ ರಕ್ಷಣೆಯಿಂದ ಹೊರಗುಳಿಯುವುದು ಎಂಥ ವಿಪರ್ಯಾಸ!

2024ರಲ್ಲಿ ಯು.ಎ.ಇ.ಯ ಪ್ರವೇಶ ನಿಯಮಗಳ ಪಾಲನೆ ಬಿಗಿಯಾಯಿತು. ಹಿಂದಿರುಗುವ ಟಿಕೇಟು, ಉಳಿದುಕೊಳ್ಳುವ ಸ್ಥಳದ ದಾಖಲೆ, ಕೈಯಲ್ಲಿ ಕನಿಷ್ಠ 3,000 ದಿರಾಮ್ ಇರುವುದರ ಪುರಾವೆ, ಇವುಗಳನ್ನು ತೋರಿಸಲಾಗದ ಪ್ರಯಾಣಿಕರನ್ನು ಭಾರತದ ವಿಮಾನ ನಿಲ್ದಾಣಗಳಲ್ಲೇ ತಡೆದ ವರದಿಗಳು ಬಂದವು. ಅದೇ ವರ್ಷದ ಕೊನೆಯಲ್ಲಿ ವೀಸಾಕ್ಕೆ ಅರ್ಜಿ ಹಾಕುವಾಗಲೇ ಈ ದಾಖಲೆಗಳನ್ನು ಕೇಳತೊಡಗಿದರು. ಇದು ಕಿರುಕುಳವೆಂದು ನಮ್ಮವರಲ್ಲಿ ಕೆಲವರು ಆಕ್ಷೇಪಿಸಿದ್ದುಂಟು. ನಮ್ಮ ದೃಷ್ಟಿಯಲ್ಲಿ ಈ ಆಕ್ಷೇಪ ಪೂರ್ತಿ ಸರಿಯಲ್ಲ. ಬಂದ ಅತಿಥಿಯ ಖರ್ಚಿಗೆ ಹಣವಿದೆಯೇ, ಹಿಂದಿರುಗುವ ದಾರಿಯಿದೆಯೇ ಎಂದು ಕೇಳುವ ಹಕ್ಕು ಮನೆಯ ಯಜಮಾನನಿಗೆ ಇದ್ದೇ ಇದೆ. ವಿಮಾನ ನಿಲ್ದಾಣದಲ್ಲಿ ತಡೆಯಲ್ಪಟ್ಟ ಅವಮಾನ ದೊಡ್ಡದೇ ಸರಿ. ಆದರೆ ಅಲ್ಲಿ ಹೋಗಿ ದಾರಿ ತಪ್ಪಿ ಕಳೆಯುವ ವರ್ಷಗಳಿಗೆ ಹೋಲಿಸಿದರೆ ಅದು ಸಹನೀಯ.

ಹಾಗೆಂದು ದಿನಲೆಕ್ಕದ ದಂಡದ ಪದ್ಧತಿ ನ್ಯಾಯದ ತಕ್ಕಡಿಯಲ್ಲಿ ಸರಿತೂಗುತ್ತದೆಂದು ನಾವು ಒಪ್ಪಲಾರೆವು. ಆದಾಯವಿರುವವನಿಗೆ 50 ದಿರಾಮ್ ಒಂದು ಎಚ್ಚರಿಕೆ. ಆದಾಯವೇ ಇಲ್ಲದವನಿಗೆ ಅದು ಪ್ರತಿದಿನ ಎತ್ತರವಾಗುವ ಗೋಡೆ. ಮೊದಲ ತಿಂಗಳಲ್ಲಿ ದಾಟಬಹುದಾಗಿದ್ದ ಗೋಡೆ ಆರನೆಯ ತಿಂಗಳಲ್ಲಿ ದಾಟಲಾಗದಷ್ಟು ಬೆಳೆದಿರುತ್ತದೆ. ‘ಹೊರಟುಹೋಗು’ ಎಂದು ಹೇಳುವ ಕಾನೂನೇ ಹೊರಟುಹೋಗುವ ಬಾಗಿಲನ್ನು ಮುಚ್ಚಿದಂತಾಗುತ್ತದೆ. ದಂಡಕ್ಕೊಂದು ಗರಿಷ್ಠ ಮಿತಿಯಿರಬೇಕು, ತಾನಾಗಿ ಮುಂದೆ ಬಂದವನಿಗೆ ರಿಯಾಯಿತಿ ದೊರೆಯಬೇಕು, ಮಾಲೀಕನ ತಪ್ಪಿನಿಂದ ಅವಧಿ ಮೀರಿದ್ದರೆ ಹೊರೆ ಮಾಲೀಕನ ಮೇಲೆ ಬೀಳಬೇಕು. ಇವು ಅತಿಯಾದ ಬೇಡಿಕೆಗಳಲ್ಲ. ಈ ದೇಶಗಳೊಡನೆ ಮಾತುಕತೆ ನಡೆಸುವಾಗ ನಮ್ಮ ಸರಕಾರ ಇವನ್ನು ಮುಂದಿಡಬೇಕೆಂದು ನಾವು ಆಶಿಸುತ್ತೇವೆ.

ಗೋಡೆ ಎತ್ತರವಾಯಿತೆಂಬುದನ್ನು ಆ ಸರಕಾರಗಳೂ ಬಲ್ಲವು. ಆದುದರಿಂದಲೇ ಕಾಲಕಾಲಕ್ಕೆ ಸಾರ್ವತ್ರಿಕ ಕ್ಷಮಾದಾನ ಘೋಷಣೆಯಾಗುತ್ತಿರುವುದು. ಯು.ಎ.ಇ.ಯಲ್ಲಿ 1996, 2003, 2007, 2012-13 ಮತ್ತು 2018ರಲ್ಲಿ ಇಂಥ ಅವಕಾಶಗಳು ಬಂದವು. 2024ರ ಸೆಪ್ಟೆಂಬರ್ 1ರಂದು ಆರಂಭವಾದ ಇನ್ನೊಂದು ಕ್ಷಮಾದಾನ ಅಕ್ಟೋಬರ್ 31ಕ್ಕೆ ಮುಗಿಯಬೇಕಾಗಿತ್ತು. ಅದನ್ನು ಡಿಸೆಂಬರ್ 31ರ ವರೆಗೆ ವಿಸ್ತರಿಸಲಾಯಿತು. ದಂಡ ಪೂರ್ತಿ ಮನ್ನಾ, ಮರುಪ್ರವೇಶಕ್ಕೆ ನಿಷೇಧವಿಲ್ಲ, ಕೆಲಸ ಸಿಕ್ಕಿದರೆ ಅಲ್ಲೇ ಕ್ರಮಬದ್ಧವಾಗಿ ನೆಲೆಸಲೂ ಅವಕಾಶ! ಆ ನಾಲ್ಕು ತಿಂಗಳಲ್ಲಿ ದುಬಾಯಿಯ ಭಾರತೀಯ ದೂತಾವಾಸ ಹದಿನೈದು ಸಾವಿರಕ್ಕೂ ಮಿಕ್ಕಿ ಭಾರತೀಯರಿಗೆ ನೆರವಾಯಿತು. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ, ನಮ್ಮವರು ‘ಔಟ್‌ಪಾಸ್’ ಎಂದು ಕರೆಯುವ ತುರ್ತು ಪ್ರಯಾಣ ಪತ್ರ ದೊರೆಯಿತು. ಕುವೈತ್ ಕೂಡ 2024ರ ಮಾರ್ಚ್ 17ರಿಂದ ಜೂನ್ 30ರ ವರೆಗೆ ಇಂಥದೇ ಅವಕಾಶ ಕೊಟ್ಟಿತು. ಕತಾರ್ 2025ರ ಫೆಬ್ರವರಿ 9ರಿಂದ ಮೂರು ತಿಂಗಳು ನಿರ್ಗಮನಕ್ಕೆ ಕಾಲಾವಕಾಶ ನೀಡಿತು.

ಕ್ಷಮಾದಾನದ ಈ ಇತಿಹಾಸದಿಂದ ನಮ್ಮವರು ತಪ್ಪು ಪಾಠ ಕಲಿತಿರುವರೆಂಬುದೇ ನಮ್ಮ ಕಳವಳ. ‘ಹೇಗೂ ಕೆಲವು ವರ್ಷಗಳಿಗೊಮ್ಮೆ ಕ್ಷಮಾದಾನ ಬರುತ್ತದೆ, ಅಲ್ಲಿಯವರೆಗೆ ತಲೆಮರೆಸಿಕೊಂಡಿದ್ದರಾಯಿತು’ ಎಂಬ ಮಾತು ಕೇಳಿಬರುತ್ತದೆ. ಮೇಲಿನ ವರ್ಷಗಳನ್ನೇ ನೋಡಿರಿ. ಒಂದರಿಂದ ಇನ್ನೊಂದಕ್ಕೆ ನಾಲ್ಕರಿಂದ ಏಳು ವರ್ಷಗಳ ಅಂತರವಿದೆ. ಮುಂದಿನದು ಯಾವಾಗ ಬರುವುದೆಂದು, ಬರುವುದೇ ಇಲ್ಲವೇ ಎಂದು ಯಾರೂ ಹೇಳಲಾರರು. 2024ರ ಕ್ಷಮಾದಾನದಲ್ಲೂ ಎಲ್ಲರಿಗೂ ಪಾಲಿರಲಿಲ್ಲ. ಅಕ್ರಮವಾಗಿ ಗಡಿ ದಾಟಿ ಬಂದವರು, ಆ ಸೆಪ್ಟೆಂಬರ್ 1ರ ಅನಂತರ ಅವಧಿ ಮೀರಿದವರು ಅದರಿಂದ ಹೊರಗುಳಿದರು. ಅಷ್ಟು ವರ್ಷ ಹೇಗೆ ಬದುಕುವುದು? ಸ್ವಂತ ಹೆಸರಿನಲ್ಲಿ ಕೋಣೆ ಬಾಡಿಗೆಗೆ ಪಡೆಯುವಂತಿಲ್ಲ. ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ಹೆದರಿಕೆ. ರಸ್ತೆಯಲ್ಲಿ ಪೋಲಿಸರನ್ನು ಕಂಡರೆ ಎದೆಬಡಿತ. ಕ್ಷಮಾದಾನವನ್ನು ಆಪತ್ಕಾಲದ ದೋಣಿಯೆಂದು ತಿಳಿಯಬೇಕೇ ಹೊರತು ದಿನನಿತ್ಯದ ಕಡವೆಂದು ತಿಳಿಯಬಾರದು.

ಇಲ್ಲಿ ಇನ್ನೊಂದು ವರ್ಗದವರ ಮಾತನ್ನೂ ಹೇಳಬೇಕು. ಕ್ರಮಬದ್ಧ ವೀಸಾದಲ್ಲಿ ಹೋಗಿ, ಕಂಪೆನಿ ಮುಚ್ಚಿದುದರಿಂದಲೋ ಕೆಲಸ ಕಳೆದುಕೊಂಡುದರಿಂದಲೋ ಸಂಕಟಕ್ಕೆ ಬಿದ್ದವರಿವರು. ಯು.ಎ.ಇ.ಯಲ್ಲಿ ವಾಸದ ವೀಸಾ ರದ್ದಾದ ಮೇಲೆ ಹಿಂದೆ 30 ದಿನಗಳ ಕಾಲಾವಕಾಶವಿತ್ತು. 2022ರ ಸುಧಾರಣೆಯಲ್ಲಿ ವೀಸಾದ ವರ್ಗಕ್ಕನುಸಾರವಾಗಿ ಅದನ್ನು 60ರಿಂದ 180 ದಿನಗಳವರೆಗೆ ವಿಸ್ತರಿಸಲಾಯಿತು. ತನ್ನದು ಯಾವ ವರ್ಗ, ತನಗೆ ಎಷ್ಟು ದಿನ ಎಂಬುದನ್ನು ವೀಸಾ ರದ್ದಾದ ದಿನವೇ ಬರೆದಿಟ್ಟುಕೊಳ್ಳಬೇಕು. ಅಲ್ಲಿ ಹುಟ್ಟಿದ ಮಗುವಿಗೂ 120 ದಿನಗಳೊಳಗೆ ವಾಸದ ವೀಸಾ ಮಾಡಿಸಬೇಕೆಂಬ ನಿಯಮವಿದೆ. ತಂದೆತಾಯಿಯ ಕಾಗದ ಸರಿಯಿಲ್ಲವೆಂಬ ಕಾರಣಕ್ಕೆ ಕಾಗದವೇ ಇಲ್ಲದೆ ಬೆಳೆದ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಲಾಗದೆ ಉಳಿಯುತ್ತಾರೆ. 2024ರ ಕ್ಷಮಾದಾನವು ಅಲ್ಲಿ ಹುಟ್ಟಿ ನೋಂದಣಿಯಾಗದೆ ಉಳಿದ ಮಕ್ಕಳನ್ನೂ ಒಳಗೊಂಡಿತ್ತೆಂಬುದನ್ನು ನೆನೆದರೆ, ದೊಡ್ಡವರ ಮೌನದ ಬೆಲೆಯನ್ನು ಯಾರು ತೆರುತ್ತಾರೆಂಬುದು ಅರ್ಥವಾದೀತು.

ಇಂಥವರಿಗಾಗಿ ನಮ್ಮ ಸರಕಾರ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿತು. ಆ ನಿಧಿ ಆಯಾ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಕೈಯಲ್ಲಿರುತ್ತದೆ. ಸಂಕಟದಲ್ಲಿರುವವರಿಗೆ ತಾತ್ಕಾಲಿಕ ವಸತಿ, ಕಾನೂನು ನೆರವು, ಊರಿಗೆ ಮರಳುವ ಟಿಕೇಟು ಕೊಡಿಸಲು ಅದು ಇದೆ. ಕಾರ್ಮಿಕನದು ತಪ್ಪಿಲ್ಲವೆಂದು ಮೇಲ್ನೋಟಕ್ಕೆ ಕಂಡುಬಂದರೆ, ಅವಧಿ ಮೀರಿದ ವಾಸದ ಸಣ್ಣ ದಂಡಗಳನ್ನು ಕಟ್ಟಲೂ ಅದನ್ನು ಬಳಸಬಹುದೆಂದು 2017ರ ಮಾರ್ಗಸೂಚಿ ಹೇಳಿತು. ‘ಸಣ್ಣ ದಂಡ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಮೊದಲ ತಿಂಗಳಲ್ಲಿ ಹೋದವನಿಗೆ ಬಾಗಿಲು ತೆರೆದೀತು, ಮೂರನೆಯ ವರ್ಷದಲ್ಲಿ ಹೋದವನಿಗೆ ಕಷ್ಟ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಸ್ಥಿತಿ ತಂದುಕೊಳ್ಳಬಾರದು. 2015ರಲ್ಲಿ ವಿದೇಶಾಂಗ ಸಚಿವಾಲಯ ಆರಂಭಿಸಿದ ‘ಮದದ್’ ವ್ಯವಸ್ಥೆಯ ಮೂಲಕ ಊರಿನಲ್ಲಿರುವ ಮನೆಯವರೂ ದೂರು ದಾಖಲಿಸಬಹುದೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಅವಧಿ ಮೀರುವುದು ಕೆಲಸ ಹುಡುಕಿ ಹೋದ ಯುವಕರ ಸಮಸ್ಯೆ ಮಾತ್ರವಲ್ಲ. ಮಗಳ ಬಾಣಂತನಕ್ಕೆ, ಮೊಮ್ಮಕ್ಕಳ ಆರೈಕೆಗೆ ಪರದೇಶಕ್ಕೆ ಹೋಗುವ ತಾಯಂದಿರು ನಮ್ಮಲ್ಲಿ ಅಸಂಖ್ಯ. ಅಮೆರಿಕದ ಭೇಟಿಯ ವೀಸಾ ಹತ್ತು ವರ್ಷಗಳಿಗೆ ಸಿಗುವುದುಂಟು. ಅದನ್ನು ನೋಡಿ ಹತ್ತು ವರ್ಷ ಇರಬಹುದೆಂದು ಯಾರೂ ತಿಳಿಯಲಾರರು. ಆದರೆ ಒಂದು ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ವೀಸಾ ಹೇಳುವುದಿಲ್ಲ, ಪ್ರವೇಶದ್ವಾರದ ಅಧಿಕಾರಿ ಕೊಡುವ ಐ-94 ಎಂಬ ದಾಖಲೆ ಹೇಳುತ್ತದೆಂಬುದು ಹಲವರಿಗೆ ತಿಳಿಯದು. ಸಾಮಾನ್ಯವಾಗಿ ಅದು ಆರು ತಿಂಗಳು. ಆ ದಿನಾಂಕ ದಾಟಿದರೆ ಹತ್ತು ವರ್ಷಗಳ ವೀಸಾವೇ ಅನೂರ್ಜಿತವಾಗುತ್ತದೆ. 180 ದಿನಗಳಿಗಿಂತ ಹೆಚ್ಚು ಕಾಲ ಅಕ್ರಮವಾಗಿ ಉಳಿದು ಹೊರಟವರು ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರು ಹತ್ತು ವರ್ಷ ಮರಳಿ ಬರಲಾಗದೆಂದು 1996ರ ಕಾನೂನು ವಿಧಿಸಿತು. ಅಲ್ಲಿ ದಂಡವನ್ನು ಹಣದಲ್ಲಿ ವಸೂಲು ಮಾಡುವುದಿಲ್ಲ, ಮಕ್ಕಳು ಮೊಮ್ಮಕ್ಕಳನ್ನು ಕಾಣಲಾಗದ ವರ್ಷಗಳಲ್ಲಿ ವಸೂಲು ಮಾಡುತ್ತಾರೆ. ಯುರೋಪಿನ ಷೆಂಗೆನ್ ರಾಷ್ಟ್ರಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. 2025ರ ಅಕ್ಟೋಬರ್ 12ರಿಂದ ಅಲ್ಲಿ ಪ್ರವೇಶ ಮತ್ತು ನಿರ್ಗಮನವನ್ನು ಯಂತ್ರವೇ ದಾಖಲಿಸುವ ವ್ಯವಸ್ಥೆ ಆರಂಭವಾಯಿತು. ಮಸುಕಾದ ಮುದ್ರೆಯ ಮರೆಯಲ್ಲಿ ಜಾರಿಕೊಳ್ಳುವ ಕಾಲ ಮುಗಿಯಿತೆಂದೇ ತಿಳಿಯಬೇಕು.

ಪುಣ್ಯಕ್ಷೇತ್ರಗಳ ಯಾತ್ರೆಯ ವಿಷಯದಲ್ಲೂ ಒಂದು ಮಾತು ಅವಶ್ಯ. ಪವಿತ್ರ ಭೂಮಿಗೆ ತಂಡಗಳಾಗಿ ಹೋಗಿಬರುವವರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಮಂದಿ. ಇಸ್ರೇಲಿನಲ್ಲಿ ವೃದ್ಧರ ಶುಶ್ರೂಷೆಯ ಕೆಲಸಕ್ಕೆ ಒಳ್ಳೆಯ ಸಂಬಳವಿದೆಯೆಂದು ಕೇಳಿ, ತಂಡದಿಂದ ಜಾರಿಕೊಳ್ಳುವ ಆಲೋಚನೆ ಮಾಡುವವರೂ ಇಲ್ಲದಿಲ್ಲ. 2023ರ ಫೆಬ್ರವರಿಯಲ್ಲಿ ಕೇರಳ ಸರಕಾರ ಕೃಷಿ ಅಧ್ಯಯನಕ್ಕೆಂದು ಇಸ್ರೇಲಿಗೆ ಕಳುಹಿಸಿದ ತಂಡದಿಂದ ಒಬ್ಬರು ಕಾಣೆಯಾದಾಗ ಉಳಿದವರು ಅವರಿಲ್ಲದೆ ಮರಳಬೇಕಾಯಿತು. ಆ ರಾಜ್ಯದ ಸರಕಾರವೇ ಉತ್ತರ ಹೇಳುವ ಸ್ಥಿತಿಗೆ ಬಂತು. ಪವಿತ್ರ ಸ್ಥಳಗಳನ್ನು ನೋಡಲು ಹೋಗಿದ್ದೆನೆಂದು ಹೇಳಿ ಅವರು ಆ ತಿಂಗಳ ಕೊನೆಯಲ್ಲಿ ಹಿಂದಿರುಗಿದರು. ಒಬ್ಬನ ನಡೆಯಿಂದ ಮುಂದೆ ಹೋಗಬೇಕಾದ ನೂರಾರು ಮಂದಿಯ ಮೇಲೆ ಸಂಶಯದ ನೆರಳು ಬೀಳುತ್ತದೆಂಬುದನ್ನು ಈ ಪ್ರಸಂಗ ತಿಳಿಸಿಕೊಟ್ಟಿತು. ಜೀವಮಾನದಲ್ಲೊಮ್ಮೆ ಜೆರುಸಲೇಮನ್ನು ಕಾಣಬೇಕೆಂದು ಹಣ ಕೂಡಿಡುವ ಮುದುಕಿಯೊಬ್ಬಳ ವೀಸಾ ಇಂಥ ಕಾರಣಕ್ಕೆ ತಿರಸ್ಕೃತವಾದರೆ ಆ ಪಾಪದ ಹೊಣೆ ಯಾರದು?

ಪರದೇಶಗಳು ಮಾತ್ರ ದಿನ ಎಣಿಸುತ್ತವೆಯೆಂದು ದೂರುವ ಮುನ್ನ ನಮ್ಮ ದೇಶದ ಕಾನೂನನ್ನೂ ನೋಡಬೇಕು. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯು ಬ್ರಿಟಿಷರ ಕಾಲದ ಹಳೆಯ ಕಾನೂನುಗಳನ್ನು ತೆಗೆದುಹಾಕಿತು. ವೀಸಾ ಅವಧಿ ಮೀರಿ ಭಾರತದಲ್ಲಿ ಉಳಿಯುವ ವಿದೇಶೀಯರಿಗೆ ಮೂರು ವರ್ಷಗಳ ವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿಗಳ ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅದು ಅವಕಾಶ ಕೊಟ್ಟಿತು. ‘ವಿದೇಶೀಯರು’ ಎಂದೊಡನೆ ನಮಗೆ ಸಂಬಂಧವಿಲ್ಲದವರೆಂದು ಭಾವಿಸಬಾರದು. ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಆ ದೇಶದ ಪಾಸ್‌ಪೋರ್ಟ್ ಪಡೆದ ನಮ್ಮ ಮಗ, ಸೊಸೆ, ಮೊಮ್ಮಕ್ಕಳು ಈ ನೆಲದ ಕಾನೂನಿನ ಕಣ್ಣಿನಲ್ಲಿ ವಿದೇಶೀಯರೇ. ಓ.ಸಿ.ಐ. ಕಾರ್ಡು ಪಡೆದವರಿಗೆ ಜೀವಮಾನದ ವೀಸಾ ಇದೆ. ಕಾರ್ಡು ಮಾಡಿಸದೆ ಪ್ರವಾಸಿ ವೀಸಾದಲ್ಲಿ ಬಂದ ಮೊಮ್ಮಗ ಮಾತ್ರ ಅಜ್ಜನ ಮನೆಯಲ್ಲೂ ದಿನ ಎಣಿಸಿಯೇ ಇರಬೇಕಾಗುತ್ತದೆ. ತನ್ನ ಬಾಗಿಲಲ್ಲಿ ಲೆಕ್ಕವಿಡುವ ದೇಶದ ಪ್ರಜೆಗಳಾದ ನಾವು ಪರರ ಬಾಗಿಲ ಲೆಕ್ಕವನ್ನು ಗೌರವಿಸಬೇಕಾದುದು ನ್ಯಾಯ.

ಹಾಗಾದರೆ ಕುಟುಂಬಗಳು ಮಾಡಬೇಕಾದುದೇನು? ಮಗನನ್ನು ಕಳುಹಿಸುವ ಮುನ್ನ ತಂದೆತಾಯಿ ಮೂರು ಪ್ರಶ್ನೆಗಳನ್ನು ಕೇಳಲಿ. ಇದು ಕೆಲಸದ ವೀಸಾವೋ ಭೇಟಿಯ ವೀಸಾವೋ? ಉದ್ಯೋಗದಾತನ ಹೆಸರು, ಸಂಬಳ ಬರಹದಲ್ಲಿವೆಯೇ? ಏಜೆಂಟನು ಸರಕಾರದಲ್ಲಿ ನೋಂದಾಯಿತನೇ? ಯು.ಎ.ಇ.ಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಕಾರ್ಮಿಕನಿಂದ ವಸೂಲು ಮಾಡುವಂತಿಲ್ಲ. ಆದುದರಿಂದ ‘ವೀಸಾದ ಹಣ’ ಎಂದು ಲಕ್ಷ ಲಕ್ಷ ಕೇಳುವವನ ಬಗ್ಗೆ ಸಂಶಯವಿರಲಿ. ಪದವೀಧರ ಮಕ್ಕಳು ಕೆಲಸ ಹುಡುಕಲೆಂದೇ ಹೋಗುವುದಾದರೆ, 2022ರಲ್ಲಿ ಯು.ಎ.ಇ. ಜಾರಿಗೆ ತಂದ ಉದ್ಯೋಗ ಶೋಧದ ವೀಸಾ ತಮಗೆ ಸಿಗುವುದೇ ಎಂದು ಮೊದಲು ವಿಚಾರಿಸಲಿ. ಅದು 60, 90 ಅಥವಾ 120 ದಿನಗಳಿಗೆ ದೊರೆಯುವಂತೆ ರೂಪಿಸಿದ ವ್ಯವಸ್ಥೆ. ಅದೂ ಇಲ್ಲದೆ ವಿಸಿಟ್ ವೀಸಾದಲ್ಲೇ ಹೋಗುವುದು ಅನಿವಾರ್ಯವಾದರೆ ಹಿಂದಿರುಗುವ ದಿನ ಮೊದಲೇ ನಿಶ್ಚಯವಾಗಲಿ. ಮರಳುವ ಟಿಕೇಟಿನ ಹಣವನ್ನು ಬೇರೆಯೇ ತೆಗೆದಿಡಲಿ. ವಾಸ ಮುಗಿಯುವ ದಿನಾಂಕವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಕೆಲಸ ಸಿಗಲಿಲ್ಲವೆಂದಾದರೆ ಆ ದಿನದೊಳಗೆ ಮರಳಿ ಬಾ ಎಂದು ಧೈರ್ಯವಾಗಿ ಹೇಳುವವರು ತಂದೆತಾಯಿಗಳೇ ಆಗಬೇಕು.

ಈ ಕೊನೆಯ ಮಾತು ಎಲ್ಲಕ್ಕಿಂತ ಕಷ್ಟದ್ದು. ಸಾಲ ಮಾಡಿ ಹೋದ ಮಗ ಎರಡು ತಿಂಗಳಲ್ಲಿ ಬರಿಗೈಯಲ್ಲಿ ಮರಳಿದರೆ ನೆರೆಯವರು ಏನೆಂದಾರು? ಈ ಒಂದು ಅಂಜಿಕೆಯೇ ಎಷ್ಟೋ ಯುವಕರನ್ನು ಅಲ್ಲಿ ಅಕ್ರಮವಾಗಿ ಉಳಿಸಿದೆ. ಊರಿನಿಂದ ಹೋಗುವ ಪ್ರತಿ ಫೋನ್ ಕರೆಯಲ್ಲೂ ‘ಕೆಲಸ ಆಯಿತೇ?’ ಎಂದು ಕೇಳುವ ನಾವು ‘ವೀಸಾ ಎಂದಿನವರೆಗೆ ಇದೆ?’ ಎಂದು ಕೇಳುವುದಿಲ್ಲ. ಬರಿಗೈಯಲ್ಲಿ ಬಂದವನನ್ನು ನೋಡಿ ನಗುವ ಸಮಾಜ, ಬರಲಾಗದೆ ಉಳಿದವನ ಸಂಕಟಕ್ಕೂ ಪಾಲುದಾರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಹೇಳುತ್ತಿದ್ದರು. ಸಕಾಲದಲ್ಲಿ ಮನೆಗೆ ಮರಳುವುದರಿಂದ ಯಾರ ಮಾನವೂ ಹೋಗುವುದಿಲ್ಲ. ಮಾನ ಹೋಗುವುದು ಗಡೀಪಾರಿನ ಆದೇಶದಲ್ಲಿ ಹೆಸರು ಬಿದ್ದಾಗ.

ನಮ್ಮ ಧರ್ಮಕೇಂದ್ರಗಳೂ ಈ ಕಾರ್ಯಕ್ಕೆ ಕೈಜೋಡಿಸಬಹುದು. ಮದುವೆಯ ತಯಾರಿಗೆ ತರಬೇತಿ ಕೊಡುವ ನಾವು ಪರದೇಶಕ್ಕೆ ಹೊರಡುವವರಿಗೆ ಒಂದು ಸಂಜೆಯ ತಿಳಿವಳಿಕೆ ಕೊಡಲಾರೆವೇ? ಪ್ರತಿ ಊರಿನಲ್ಲೂ ಇಪ್ಪತ್ತು ಮೂವತ್ತು ವರ್ಷ ಕೊಲ್ಲಿಯಲ್ಲಿ ದುಡಿದು ಮರಳಿದ ಅನುಭವಿಗಳಿದ್ದಾರೆ. ಒಪ್ಪಂದವನ್ನು ಓದಿ ಹೇಳಲು, ದಿನಾಂಕಗಳನ್ನು ಬಿಡಿಸಿ ತಿಳಿಸಲು ಅವರಿಗಿಂತ ಉತ್ತಮರು ಬೇಕಾಗಿಲ್ಲ. ವಾರ್ಡಿನ ಸಭೆಗಳಲ್ಲಿ ಈ ವಿಷಯ ಬರಲಿ. ಸಂಕಟದಲ್ಲಿರುವವನ ಮನೆಯವರು ನಾಚಿಕೆಯಿಲ್ಲದೆ ಬಂದು ಹೇಳಿಕೊಳ್ಳಬಹುದಾದ ಒಬ್ಬ ನಂಬಿಕಸ್ಥ ವ್ಯಕ್ತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲಿ. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ.

ಇದನ್ನು ಓದುವವರ ಪೈಕಿ ಯಾರದಾದರೂ ಮನೆಯಲ್ಲಿ ಈಗಾಗಲೇ ಇಂಥ ಸಂಕಟವಿದ್ದರೆ ಅವರಿಗೆ ನಮ್ಮದೊಂದೇ ವಿನಂತಿ. ಇನ್ನೊಂದು ತಿಂಗಳು ನೋಡೋಣವೆಂದು ಕಾಯಬೇಡಿರಿ. ಆತನ ಪಾಸ್‌ಪೋರ್ಟಿನ ಪ್ರತಿಯನ್ನು ಹುಡುಕಿ ತೆಗೆಯಿರಿ, ಅವಧಿ ಮುಗಿದ ದಿನಾಂಕವನ್ನು ಬರೆದುಕೊಳ್ಳಿರಿ. ಭಾರತೀಯ ದೂತಾವಾಸಕ್ಕೆ ಹೋಗುವಂತೆ ಇಂದೇ ಆತನಿಗೆ ಹೇಳಿರಿ. ಕಾಯುತ್ತ ಕಳೆಯುವ ಪ್ರತಿಯೊಂದು ದಿನಕ್ಕೂ ಒಂದು ಬೆಲೆಯಿದೆ. ಅದನ್ನು ಕೊನೆಗೆ ತೆರಬೇಕಾದವರು ಮನೆಯವರೇ.